ನಿಂತ ಗಾಡಿಯ ಸದ್ದು

ಬಿಸಿಲಿಗೆ ಕಾದ ಚರ್ಮದ ವಾಸನೆ, ಅದರ ಅಡಿಯಲ್ಲಿ ಪೆಟ್ರೋಲು, ಎಲ್ಲದರ ಮೇಲೆ ಸೋಂಪು, ಸೋಂಪು ಮಾತ್ರ ಗಾಡಿಯದ್ದಲ್ಲ, ಮೇಸ್ಟ್ರ ಉಸಿರಿನದ್ದು, ಬೆಳಗಿನ ಕಾಫಿಗೆ ಒಂದು ತೊಟ್ಟು ಮಿಸ್ತ್ರಾ, ಸೋಂಪಿನ ಸಾರಾಯಿ, ಬೀಳದೆ ಅವರ ದಿನ ಶುರುವಾಗುವುದಿಲ್ಲ, ಎಂಬತ್ತು ದಾಟಿದರೂ ಬಿಟ್ಟಿಲ್ಲ — ಕೇಳಿಸ್ತಾ ಓರ್ನೆಲ್ಲಾ, ಈಗ, ಈಗ ಬಂತು ನೋಡು — ಇಲ್ಲ ಮೇಸ್ಟ್ರೇ, ನನಗೇನೂ ಕೇಳಿಸುತ್ತಿಲ್ಲ, ಎಂಜಿನ್ ಆಫ್ ಆಗಿದೆ, ರೇಡಿಯೋ ಆಫ್ ಆಗಿದೆ, ಫ್ಯಾನ್ ತಿರುಗುತ್ತಿಲ್ಲ, ನಿಂತ ಗಾಡಿ ಹೇಗೆ ಹಾಡುತ್ತೆ ಹೇಳಿ, ಹಾಗಂತ ಬಾಯಿಬಿಟ್ಟು ಹೇಳುವುದಕ್ಕೆ ಮನಸ್ಸಾಗುತ್ತಿಲ್ಲ, ಅವರ ಮುಖ ನೋಡಿದರೆ, ಕಣ್ಣು ಮುಚ್ಚಿ, ಗಲ್ಲ ಸ್ವಲ್ಪ ಮೇಲೆತ್ತಿ, ಹಾಗೆ ಗಲ್ಲ ಎತ್ತಿಯೇ ಅಲ್ಲವೇ ಇಡೀ ಜೀವಮಾನ ಕಳೆದದ್ದು, ಅಕಾರ್ಡಿಯನ್ನಿನ ಹೊಟ್ಟೆಯೊಳಗಿನ ಉಕ್ಕಿನ ನಾಲಿಗೆಗಳನ್ನು ಒಂದೊಂದಾಗಿ ಅರದಿಂದ ಸವರಿ, ಊದಿ, ಮತ್ತೆ ಸವರಿ, ಶ್ರುತಿಗೆ ತಂದು, ನಮ್ಮ ಊರು ಕಾಸ್ತೆಲ್ಫಿದಾರ್ದೊದಲ್ಲಿ, ಅಕಾರ್ಡಿಯನ್ನಿನ ಊರದು, ಎಜಿದಿಯೊ ಮೇಸ್ಟ್ರು ಅಂದರೆ ಅಂಗಡಿ ಅಂಗಡಿಯವರೂ ಎದ್ದು ನಿಲ್ಲುತ್ತಿದ್ದ ಕಾಲವೊಂದಿತ್ತು, ಈಗ ಈ ಹಸಿರು ಗಾಡಿಯೊಳಗೆ ನನ್ನ ಪಕ್ಕ ಕೂತು ಇಲ್ಲದ ಸದ್ದಿಗೆ ಕಿವಿ ಕೊಡುತ್ತಿದ್ದಾರೆ — ಸಣ್ಣದು, ಬಹಳ ಸಣ್ಣದು, ಯಾರೋ ಒಂದು ನಾಲಿಗೆ ಊದ್ತಾ ಇದ್ದಾರೆ, ಉಸಿರು ಸಾಲದೆ ಊದಿದ ಹಾಗೆ, ಶ್ರುತಿನೂ ಸ್ವಲ್ಪ ಇಳಿದಿದೆ, ಅದೇ ನನಗೆ ತಡೆಯೋಕೆ ಆಗದೆ ಇರೋದು, ಅಂತಾರೆ — ಹಾಡುವುದಿರಲಿ, ಅಪಸ್ವರದಲ್ಲಿ ಬೇರೆ ಹಾಡುತ್ತಿದೆಯಂತೆ.

ಗ್ಯಾರೇಜಿನ ಹಿಂದಿನ ಅಂಗಳ, ಮೇ ತಿಂಗಳ ಬೆಳಿಗ್ಗೆ, ಮನೆಯ ಹಗ್ಗದಲ್ಲಿ ನಾನೇ ಒಣಹಾಕಿದ ಬಟ್ಟೆ ಗಾಳಿಗೆ ಪಟಪಟ ಅನ್ನುತ್ತಿದೆ, ಅದು ಕೇಳಿಸುತ್ತಿದೆ, ಕೆಳಗಿನ ರಸ್ತೆಯಲ್ಲಿ ಓಸಿಮೋ ಕಡೆಗೆ ಹೋಗುವ ಲಾರಿ ಕೇಳಿಸುತ್ತಿದೆ, ಒಳಗೆ ಸೌರೋ, ನನ್ನ ಗಂಡ, ಯಾವುದೋ ಬೋಲ್ಟಿಗೆ ಬೈಯುತ್ತಿರುವುದು ಕೇಳಿಸುತ್ತಿದೆ, ಇವರು ಹೇಳುವುದೊಂದು ಕೇಳಿಸುತ್ತಿಲ್ಲ, ಈ ವಾರದಲ್ಲೇ ಮತ್ತೆ ಮತ್ತೆ ಬಂದಿದ್ದಾರೆ, ಪ್ರತಿ ಸಲವೂ ಕೂತಿದ್ದೇನೆ, ಕಿವಿಯಿಟ್ಟಿದ್ದೇನೆ, ಮೂವತ್ತು ವರ್ಷಕ್ಕೂ ಮೇಲಾಯಿತು ನಾನು ಗಾಡಿಗಳ ವೈರು ಹಿಡಿದು, ನಾನು ಹುಡುಕದ ಸದ್ದಿಲ್ಲ, ಡೈನಮೋ ಅಳುವುದು ಗೊತ್ತು, ಎಂಜಿನ್ ಏರಿದಂತೆ ಅದೂ ಏರುತ್ತೆ, ಪಂಪಿನ ಗೊಣಗಾಟ ಗೊತ್ತು, ಅದು ಏರುವುದೂ ಇಲ್ಲ ಇಳಿಯುವುದೂ ಇಲ್ಲ, ರಿಲೇ ಪಟಕ್ಕನೆ ಹಲ್ಲು ಕಡಿಯುವುದು ಗೊತ್ತು, ಅರ್ಥ್ ತಂತಿ ಸಡಿಲವಾದರೆ ರೇಡಿಯೋದೊಳಗೆ ಕಾದ ಎಣ್ಣೆಯ ಸದ್ದು — ಆದರೆ ಎಲ್ಲವೂ ಆಫ್ ಆದ ಮೇಲೂ ಬರುವ ಸದ್ದು, ಸ್ವಲ್ಪ ಹೊತ್ತು ಬಂದು ಹೋಗುವ ಸದ್ದು, ಒಬ್ಬರಿಗೆ ಮಾತ್ರ ಕೇಳುವ ಸದ್ದು, ಅದು ವೈರಿನಲ್ಲಿಲ್ಲ, ತಲೆಯಲ್ಲಿದೆ, ಅಂತ ಕ್ಲೆಲಿಯಾ ನಿನ್ನೆ ಸಂಜೆ ಫೋನಿನಲ್ಲಿ ಹೇಳಿಯೇಬಿಟ್ಟಳು, ಮೇಸ್ಟ್ರ ಮಗಳು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು — ನೋಡೇ ಓರ್ನೆಲ್ಲಾ, ನೀನು ಅದನ್ನ ಬಿಚ್ಚೋದೂ ಬೇಡ, ಹುಡುಕೋದೂ ಬೇಡ, ಗಾಡೀಲಿ ಏನೂ ಇಲ್ಲ ಅಂತ ಒಂದು ಮಾತು ಅಪ್ಪನಿಗೆ ಹೇಳಿಬಿಡು, ನಿನ್ನ ಮಾತು ಕೇಳ್ತಾರೆ, ನನ್ನ ಮಾತೆಲ್ಲಿ ಕೇಳ್ತಾರೆ — ಹೇಳಿದರೆ ಏನಾಗುತ್ತೆ ಕಣೇ? — ಏನಾಗುತ್ತೆ, ಬರೋ ತಿಂಗಳು ಲೈಸೆನ್ಸಿಗೆ ಡಾಕ್ಟರ ಹತ್ರ ಹೋಗಬೇಕಲ್ಲ, ನಾನೇ ಹೋಗಿ ಹೇಳ್ತೀನಿ, ಇವರಿಗೆ ಇಲ್ಲದ ಸದ್ದೆಲ್ಲ ಕೇಳಿಸ್ತಿದೆ, ಮುಂದೆ ಓಡಿಸೋದು ಬೇಡ ಅಂತ, ಗಾಡಿ ಮಾರೋದೇ, ಇನ್ನೇನು — ಅಂದರೆ ನನ್ನ ಒಂದು ಮಾತಿಗೆ ಇವರ ತಲೆ ಸರಿಯಿದೆಯೋ ಇಲ್ಲವೋ ಅಂತ ತೀರ್ಮಾನವಾಗಬೇಕು, ನಾನೇನು ಡಾಕ್ಟರಾ, ನಾನು ಫ್ಯೂಸ್ ಬದಲಾಯಿಸುವವಳು.

ಮೇಸ್ಟ್ರೇ, ಕೂತಿರಿ, ಹಿಂದುಗಡೆ ಒಂದು ನೋಡಿ ಬರ್ತೀನಿ. ಬಾಗಿಲು ತೆಗೆದು ಈ ಗಾಡಿಯಿಂದ ಏಳುವುದೇ ಒಂದು ಕಸರತ್ತು, ನೆಲಕ್ಕೆ ಅಂಟಿಕೊಂಡ ಹಾಗೆ ಮಾಡಿಟ್ಟಿದ್ದಾರೆ ಮೊದೆನಾದ ಕಾರ್ಖಾನೆಯವರು, ಮಂಡಿ ಕಟಕ್ ಅಂತು, ಎರಡೇ ಸೀಟು, ಮೂಗು ಉದ್ದ, ಪೈನ್ ಮರದ ಹಸಿರು, ಗುದ್ದಿ ಮೂಲೆ ಸೇರಿದ್ದನ್ನು ಮೇಸ್ಟ್ರು ತಂದಾಗ ಊರೆಲ್ಲ ನಕ್ಕಿತ್ತು, ಅವರೂ ಅವರ ಹೆಂಡತಿ ಇಯೋಲೆಯೂ ಭಾನುವಾರ ಭಾನುವಾರ ಕೂತು ತಿಕ್ಕಿ ತೊಳೆದು ಹೊಲಿದು, ಈ ಸೀಟಿನ ಹೊಲಿಗೆ ಇಯೋಲೆಯದೇ, ನಾನು ಆಗ ಹೊಸಬಳು, ವೈರಿಂಗ್ ಪೂರ್ತಿ ನನ್ನ ಕೈಯದ್ದು, ಅದಕ್ಕೇ ಅಲ್ಲವೇ ನನ್ನ ಹತ್ತಿರವೇ ಬರುವುದು, ನೀನು ಹಾಕಿದ ವೈರು, ನಿನಗೇ ಗೊತ್ತು ಅಂತ — ಡಿಕ್ಕಿ ಎತ್ತಿದೆ, ಮುಚ್ಚಳ ಮೇಲೆದ್ದು ನಿಂತರೆ ಅವರಿಗೆ ನಾನು ಕಾಣಿಸುವುದಿಲ್ಲ, ಬ್ಯಾಟರಿ ಇಲ್ಲೇ ಬಲಗಡೆ ಕಾರ್ಪೆಟ್ ಅಡಿ, ಆಗ ಬಂತು ನನಗೆ ಆ ಯೋಚನೆ, ಒಳ್ಳೆಯದೋ ಕೆಟ್ಟದ್ದೋ, ಇವರಿಗೆ ಹೇಳದೆಯೇ ಬ್ಯಾಟರಿ ಬಿಚ್ಚಿಬಿಡೋಣ, ಬ್ಯಾಟರಿ ಬಿಚ್ಚಿದ ಗಾಡಿ ಅಂದರೆ ಹೆಣ, ಆಗಲೂ ಇವರಿಗೆ ಕೇಳಿಸುತ್ತಿದ್ದರೆ ಮುಗಿಯಿತು, ಕ್ಲೆಲಿಯಾ ಹೇಳಿದ್ದೇ ಸರಿ. ಈಗ ಕೇಳಿಸ್ತಿದೆಯಾ ಮೇಸ್ಟ್ರೇ? ಬರ್ತಾ ಇದೆ, ಬರ್ತಾ ಇದೆ. ಕಪ್ಪು ತಂತಿಯ ತಲೆ ಸಡಿಲಿಸಿದೆ, ಎತ್ತಿದೆ, ಉಸಿರು ಹಿಡಿದೆ. ಮುಂದಿನಿಂದ ಮೇಸ್ಟ್ರ ದನಿ — ಅರೆ, ನಿಂತುಹೋಯ್ತು! ಏನು ಮಾಡಿದೆ ನೀನು?

ಏನೂ ಮಾಡಿಲ್ಲ ಅಂದೆ. ಕೈ ಬ್ಯಾಟರಿಯ ಮೇಲೇ ಇದೆ, ಕೈಗೆ ನಂಬಿಕೆ ಬರುತ್ತಿಲ್ಲ, ಸ್ಪ್ಯಾನರ್ ಸದ್ದು ಕೇಳಿ ಊಹಿಸಿರಬಹುದು, ಕಿವಿ ಸೂಕ್ಷ್ಮವಲ್ಲವೇ, ಮತ್ತೆ ಸದ್ದಾಗದ ಹಾಗೆ ತಂತಿ ಕೂರಿಸಿದೆ, ಬಟ್ಟೆ ಸುತ್ತಿ, ಕಳ್ಳಿಯ ಹಾಗೆ — ಹಾಂ, ಮತ್ತೆ ಶುರುವಾಯ್ತು ನೋಡು, ಈಗ ಜೋರಾಗಿದೆ — ಆಮೇಲೆ ತಂತಿ ಮುಟ್ಟದೆ ಬರೀ ಸ್ಪ್ಯಾನರನ್ನು ಠಣ್ಣನೆ ಕುಟ್ಟಿದೆ, ಬೇಕೆಂದೇ, ಈಗ ನಿಂತಿತಾ ಮೇಸ್ಟ್ರೇ? ಇಲ್ಲ, ಎಲ್ಲಿ ನಿಂತಿದೆ, ನೀನು ಏನೋ ಬೀಳಿಸಿದೆ ಅಷ್ಟೆ. ಮತ್ತೆ ಬಿಚ್ಚಿದೆ, ನಿಂತಿತು ಅಂದರು, ಜೋಡಿಸಿದೆ, ಬಂತು ಅಂದರು, ಒಂದು ಸಲವೂ ತಪ್ಪಲಿಲ್ಲ, ಈ ನಡುವೆ ಜೇಬಿನಲ್ಲಿ ಫೋನು ನಡುಗುತ್ತದೆ, ಕ್ಲೆಲಿಯಾ, ಏನೇ, ಅಪ್ಪ ನಿನ್ನ ಹತ್ರಾನೇ ಇದಾರಾ? ಇಲ್ಲೇ ಇದಾರೆ ಮಾರಾಯ್ತಿ, ಗಾಡಿಯಲ್ಲಿ ಕೂತಿದಾರೆ, ಯಾಕೆ? ಏನಿಲ್ಲ, ಸುಮ್ನೆ. ಇಟ್ಟಳು. ಮತ್ತೊಂದು ಸಲ ತಂತಿ ಬಿಚ್ಚಿ ಜೋಡಿಸುವಷ್ಟರಲ್ಲಿ ಮತ್ತೆ ಅವಳೇ, ಗಾಡಿಗೆ ಏನಾದ್ರೂ ಆಯ್ತಾ, ಅಪ್ಪ ಸರಿಯಾಗಿದಾರಾ — ಇವಳಿಗೆ ಏನಾಗಿದೆ ಇವತ್ತು, ಅಂಕೋನಾದ ಆಫೀಸಿನಲ್ಲಿ ಕೂತು ಕೆಲಸವಿಲ್ಲವೇ — ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿ ನಾನಿಲ್ಲ, ನನ್ನ ತಲೆಯಲ್ಲಿ ಒಂದೇ ಒಂದು ಸುತ್ತುತ್ತಿದೆ, ಸದ್ದು ಇದೆ, ಸದ್ದು ನಿಜ, ಗಾಡಿಯಲ್ಲಿಯೇ ಇದೆ, ಹಾಗಾದರೆ ನನಗೆ, ನನಗೆ ಯಾಕೆ —

ಸೌರೋ, ಒಂದು ನಿಮಿಷ ಬಾ ಇಲ್ಲಿ. ಬಂದ, ಕೈ ಒರೆಸಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ನನ್ನ ಸೀಟಿನೊಳಗೆ ಇಳಿದ, ಏನ್ ಮೇಸ್ಟ್ರೇ, ಇನ್ನೂ ಹಾಡ್ತಿದೆಯಾ ನಿಮ್ಮ ಹುಡುಗಿ ಅಂತ ನಕ್ಕ, ಆಮೇಲೆ ನಗು ನಿಂತಿತು, ಕತ್ತು ತಿರುಗಿಸಿದ, ಅರೆ ಹೌದಲ್ಲ, ಸೊಳ್ಳೆ ಥರ, ಕುಂಯ್ ಅಂತಿದೆ, ಸೀಟಿನ ಹಿಂದೆಲ್ಲೋ. ಮೇಸ್ಟ್ರು ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ತಲೆ ಅದರ ಮೇಲೆ ಒರಗಿಸಿದರು, ಅಳುತ್ತಿದ್ದಾರೇನೋ ಅಂದುಕೊಂಡೆ, ಅಳಲಿಲ್ಲ, ದೊಡ್ಡದೊಂದು ಉಸಿರು ಬಿಟ್ಟರು, ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ, ಸೌರೋ, ನಿನಗೆ ಕೇಳಿಸ್ತಲ್ಲ, ನಿನಗೆ ಕೇಳಿಸ್ತು ತಾನೆ, ಅಂದರು — ಕೇಳಿಸದೆ ಏನು ಮೇಸ್ಟ್ರೇ, ಇಷ್ಟು ಚೆನ್ನಾಗಿ ಕೇಳ್ತಿದೆ, ಅನ್ನುತ್ತಾ ಸೌರೋ ನನ್ನ ಕಡೆ ನೋಡಿದ, ನೋಡುತ್ತಲೇ ಅವನಿಗೆ ಗೊತ್ತಾಯಿತು, ಗಂಡನಿಗೆ ಗೊತ್ತಾಗುವುದಕ್ಕೆ ಹೆಚ್ಚು ಹೊತ್ತು ಬೇಡ, ನಿಂಗೆ ಕೇಳಿಸ್ತಿಲ್ವಾ? ಇಲ್ಲ. ಸ್ವಲ್ಪನೂ? ಇಲ್ಲ ಅಂದ್ನಲ್ಲ. ಬೇರೆ ದಿನವಾಗಿದ್ದರೆ ಕಿವುಡಿ ಮಹಾರಾಣಿ ಅಂತ ಶುರು ಮಾಡುತ್ತಿದ್ದ, ಟೀವಿ ಇಟ್ಟರೆ ಪಕ್ಕದ ಊರಿಗೂ ಕೇಳುತ್ತೆ ಅಂತ, ನಿನ್ನ ಹತ್ರ ಗುಟ್ಟು ಹೇಳಬೇಕಾದರೆ ಮೈಕು ಬೇಕು ಅಂತ, ಇವತ್ತು ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು, ಗಾಡಿಯಿಂದ ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟು, ಗ್ರೀಸ್ ಅಂಟಿದ್ದು ನೋಡಿ ಕೈ ತೆಗೆದು, ಒಳಗೆ ಹೋದ.

ಟೀವಿ ಬೇರೆ, ಇದು ಬೇರೆ, ಟೀವಿಯವರು ಗೊಣಗುತ್ತಾರೆ, ಈಗಿನವರು ಬಾಯಿಬಿಟ್ಟು ಮಾತಾಡುವುದಿಲ್ಲ, ಹಾಗೆಲ್ಲ ಹೇಳಿಕೊಳ್ಳಬಹುದಿತ್ತು, ಇದಕ್ಕೆ ಏನು ಹೇಳಲಿ, ಇಷ್ಟು ವರ್ಷ ಗಾಳಿಯಂತ್ರದ ಸ್ಪ್ಯಾನರಿನ ಪಕ್ಕ, ತೆರೆದ ಎಂಜಿನ್ನಿನ ಮೇಲೆ ತಲೆಯಿಟ್ಟು, ಕಿವಿಗೆ ಹತ್ತಿಯೂ ಇಡದೆ, ಕಿವಿ ಮುಚ್ಚಿದರೆ ರೋಗ ಹೇಗೆ ತಿಳಿಯುತ್ತೆ ಅಂತ ಜಂಬ ಕೊಚ್ಚಿಕೊಂಡು, ಆ ಎಂಜಿನ್ನುಗಳೇ ಒಂದೊಂದು ತುತ್ತು ತಿಂದುಕೊಂಡು ಹೋದವು, ಮೇಲಿನ ಸ್ವರಗಳನ್ನೆಲ್ಲ ಮೊದಲು, ತೊಗಲು ಸುಲಿದ ಹಾಗೆ — ಹೋದ ಚಳಿಗಾಲದಲ್ಲಿ ಆ ಬಿಳಿ ಗಾಡಿಯವನು ಏನೋ ಕಿರುಗುಟ್ಟುತ್ತೆ ಅಂದಾಗ ಏನೂ ಇಲ್ಲ ಹೋಗಪ್ಪ ಅಂದು ಕಳಿಸಿದೆನಲ್ಲ, ಅವನದ್ದೂ ನಿಜವಿತ್ತೋ ಏನೋ, ಇನ್ನೆಷ್ಟು ಜನಕ್ಕೆ ಹಾಗಂದೆನೋ — ಬೇಡ, ಈಗ ಬೇಡ, ಈಗ ಕೈಯಲ್ಲಿ ಕೆಲಸವಿದೆ, ಕಿವಿ ಇಲ್ಲದಿದ್ದರೆ ಮೀಟರಿದೆ, ಕರೆಂಟಿಗೆ ಕಿವಿ ಬೇಕಿಲ್ಲ.

ಮೀಟರು ಜೋಡಿಸಿದೆ, ಎಲ್ಲ ಆಫ್ ಆದ ಗಾಡಿ ಏನನ್ನೂ ಕುಡಿಯಬಾರದು, ಇದು ಕುಡಿಯುತ್ತಿದೆ, ಗುಟುಕು ಗುಟುಕಾಗಿ, ಮೇಸ್ಟ್ರು ಬಂತು ಅಂದಾಗಲೆಲ್ಲ ಮುಳ್ಳು ಒಂದು ಕೂದಲು ಮೇಲೇಳುತ್ತದೆ, ಹೋಯಿತು ಅಂದಾಗ ಮಲಗುತ್ತದೆ, ಕಣ್ಣಿಂದ ಕೇಳಿದ ಹಾಗೆ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತೆ, ದೀಪ, ವೈಪರ್, ಹಾರ್ನ್, ಕಿಟಕಿ, ಮುಳ್ಳಿನ ಏರಿಳಿತ ನಿಲ್ಲಲಿಲ್ಲ, ಅಂದರೆ ಫ್ಯೂಸಿನ ಡಬ್ಬಿಗಿಂತ ಹಿಂದೆಯೇ ಯಾರೋ ಬಾಯಿ ಹಾಕಿದ್ದಾರೆ, ನನ್ನ ವೈರಿಂಗಿಗೆ, ನನ್ನದು ಅಂತ ಹೇಗೆ ಹೇಳುತ್ತೇನೆ ಅಂದರೆ ನಾನು ಬಟ್ಟೆಯ ಟೇಪು ಸುತ್ತುತ್ತೇನೆ, ಓರೆಯಾಗಿ, ಅರ್ಧದ ಮೇಲೆ ಅರ್ಧ ಬರುವ ಹಾಗೆ, ಮೇಸ್ಟ್ರೇ ಸ್ವಲ್ಪ ಏಳಿ, ಸೀಟು ಬಿಚ್ಚಬೇಕು, ಅವರು ಎದ್ದು ಬಟ್ಟೆಯ ಹಗ್ಗದ ಕೆಳಗೆ ಕಲ್ಲುಕಟ್ಟೆಯ ಮೇಲೆ ಕೂತು, ಜೇಬಿನಿಂದ ಹಸಿ ಅವರೆಯಂಥ ಫಾವಾ ಕಾಯಿ ತೆಗೆದು ಸುಲಿದು ತಿನ್ನತೊಡಗಿದರು, ಕೈಚಾಚಿ ನನಗೂ ಒಂದಿಷ್ಟು ಕೊಟ್ಟರು, ಜೊತೆಗೆ ಚೀಸ್ ಇಲ್ಲ, ಹಲ್ಲಿಗೆ ಕಷ್ಟ ಅಂತ ಬಿಟ್ಟುಬಂದೆ ಅಂದರು, ಮುಖದಲ್ಲಿ ಹುಡುಗನ ಕಳೆ, ಸೌರೋಗೆ ಕೇಳಿಸಿತು ಅನ್ನುವುದೇ ಸಾಕಾಗಿತ್ತು ಅವರಿಗೆ — ಸೀಟಿನ ಹಿಂದಿನ ರಟ್ಟು ತೆಗೆದೆ, ಅಲ್ಲಿತ್ತು, ನನ್ನ ಬಟ್ಟೆ ಟೇಪಿನ ಮಧ್ಯೆ ಹೊಳೆಯುವ ಹೊಸ ಪ್ಲಾಸ್ಟಿಕ್ ಟೇಪು, ಅವಸರದ ಕೈ, ತೆಳ್ಳನೆ ಕೆಂಪು ವೈರು, ಅದರ ತುದಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಒಂದು ಚುಕ್ಕೆ ಹಸಿರು ದೀಪ ಮಿಟುಕುತ್ತಾ. ಇಂಥವನ್ನು ಲಾರಿಗಳಲ್ಲಿ ಎಷ್ಟು ನೋಡಿಲ್ಲ. ಗಾಡಿ ಎಲ್ಲಿದೆ ಅಂತ ಯಾರದೋ ಫೋನಿಗೆ ಸುದ್ದಿ ಕಳಿಸುವ ಡಬ್ಬಿ. ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸುವ ಅಗ್ಗದ ಸುರುಳಿಯೊಂದು ಒಳಗಿರುತ್ತದೆ, ಸುದ್ದಿ ಕಳಿಸುವಾಗಲೆಲ್ಲ ಅದು ನಡುಗುತ್ತದೆ, ಹಾಡುತ್ತದೆ, ಕಿವಿ ಇದ್ದವರಿಗೆ.

ಯಾರದೋ ಫೋನು ಅನ್ನುವುದೇನು ಬಂತು, ತಂತಿ ಬಿಚ್ಚಿದಾಗಲೆಲ್ಲ ಡಬ್ಬಿಯ ಸುದ್ದಿ ಕಡಿದುಹೋಗಿ ಅವಳು ಗಾಬರಿಯಾಗಿದ್ದಾಳೆ, ಇಲ್ಲದಿದ್ದರೆ ನನ್ನ ಜೇಬು ನಡುಗಿದ್ದು ಸುಮ್ಮನೆಯೇ? ರಟ್ಟಿನ ಹಿಂದೆ ತಲೆಯಿಟ್ಟೇ ಕ್ಲೆಲಿಯಾಗೆ ಫೋನು ಮಾಡಿದೆ, ಮೆಲ್ಲಗೆ, ಮೆಲ್ಲಗೆ ಅಂತ ನಾನಂದುಕೊಂಡಿದ್ದು ಎಷ್ಟು ಮೆಲ್ಲಗೋ ಈಗ ಯಾರಿಗೆ ಗೊತ್ತು, ಕ್ಲೆಲಿಯಾ, ಡಬ್ಬಿ ಸಿಕ್ಕಿತು. ಆ ಡಬ್ಬಿನೇ ಕಣೇ ಸದ್ದು ಮಾಡ್ತಿರೋದು, ನಿಮ್ಮಪ್ಪನಿಗೆ ಕೇಳಿಸ್ತಿದ್ದಿದ್ದು ಅದೇ, ಅವರ ತಲೆಗೆ ಏನೂ ಆಗಿಲ್ಲ. ಅಯ್ಯೋ ದೇವರೇ, ಅಂದಳು, ಆಮೇಲೆ ಅತ್ತಳು, ಶಾಲೆಯಲ್ಲೂ ಹಾಗೇ ಅಳುತ್ತಿದ್ದಳು, ಮೂಗು ಸೇದುತ್ತಾ — ನಿನಗೆ ಗೊತ್ತಿಲ್ಲ ಓರ್ನೆಲ್ಲಾ, ಹೋದ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ಹೊತ್ತಿನಲ್ಲಿ ಬ್ರೆಡ್ಡು ತರ್ತೀನಿ ಅಂತ ಹೋದವರು ಕತ್ತಲಾಗೋ ಹೊತ್ತಿಗೆ ಲೊರೆತೊದಿಂದ ಫೋನು ಮಾಡಿದ್ರು, ಮಾತೆ ಮರಿಯಳ ಗುಡಿ ನೋಡೋಣ ಅಂತ ಬಂದೆ ಅಂದ್ರು, ಅಪ್ಪ ಜೀವಮಾನದಲ್ಲಿ ಗುಡಿ ಮೆಟ್ಟಿಲು ಹತ್ತಿದವರಾ, ನೀನೇ ಹೇಳು, ಅಮ್ಮ ಬೇಡಿಕೊಂಡರೂ ಹೊರಗೆ ಸಿಗರೇಟು ಸೇದ್ತಾ ನಿಂತಿರೋರು — ನನಗೆ ಮೊದಲೇ ಯಾಕೆ ಹೇಳಲಿಲ್ಲ, ನಾನೇ ಹಾಕಿಕೊಡ್ತಿದ್ದೆನಲ್ಲ — ನೀನು ಹಾಕ್ತಿರಲಿಲ್ಲ, ನೀನು ಅವರಿಗೆ ಹೇಳಿಬಿಡ್ತಿದ್ದೆ, ಅದಕ್ಕೇ ಅಂಕೋನಾದಲ್ಲಿ ಒಬ್ಬನ ಕೈಲಿ ಹಾಕಿಸಿದೆ, ಗಾಡಿ ತೊಳೆಸ್ತೀನಿ ಅಂತ ತಗೊಂಡು ಹೋಗಿ. ಹೇಳಬೇಡ ಕಣೇ, ಏನಾದ್ರೂ ಒಂದು ಹೇಳು, ಎಲ್ಲೋ ರಿಲೇ ಕೆಟ್ಟಿತ್ತು ಅನ್ನು. ಅನ್ನಬಹುದು, ಎಷ್ಟು ಸುಲಭ, ರಿಲೇ ಕೆಟ್ಟಿತ್ತು ಮೇಸ್ಟ್ರೇ, ಮುಗಿಯಿತು, ಅವರು ಖುಷಿಯಾಗಿ ಹೋಗುತ್ತಾರೆ, ನಾನು ಡಬ್ಬಿ ಮತ್ತೆ ಅಡಗಿಸಿ — ತಲೆ ಎತ್ತಿದರೆ ಮೇಸ್ಟ್ರು ಗಾಡಿಯ ಬಾಗಿಲ ಹತ್ತಿರವೇ ನಿಂತಿದ್ದಾರೆ, ಕೈಯಲ್ಲಿ ಸಿಪ್ಪೆ.

ಸಿಕ್ತಾ? ಸಿಕ್ತು. ಏನದು? ನಾಲಿಗೆಯ ತುದಿಗೆ ರಿಲೇ ಬಂದು ನಿಂತಿತ್ತು, ನುಂಗಿದೆ, ಇಷ್ಟು ದಿನ ಎಲ್ಲರೂ ಇವರಿಗೆ ನಿಮಗೆ ಕೇಳಿಸುತ್ತಿರುವುದು ಸುಳ್ಳು ಅಂತ ಹೇಳಿದ್ದೇ ಸಾಕು, ಇನ್ನೂ ಒಂದು ಸುಳ್ಳು ನನ್ನ ಕೈಯಿಂದ ಬೇಡ, ಡಬ್ಬಿಯನ್ನು ವೈರು ಕಳಚದ ಹಾಗೆ ಹೊರಗೆಳೆದು ಅವರ ಅಂಗೈ ಮೇಲಿಟ್ಟೆ, ಕಿವಿಗೆ ಹಿಡಿದರು, ಕಣ್ಣು ಮುಚ್ಚಿದರು, ಮುಖವೆಲ್ಲ ಅರಳಿತು, ಇದೇ, ಇದೇ ಕಳ್ಳ, ನೋಡು ಹೇಗೆ ಅಪಸ್ವರ ಕೊಡ್ತಾನೆ — ಆಮೇಲೆ ಕಣ್ಣು ತೆರೆದು ಡಬ್ಬಿಯನ್ನು ತಿರುಗಿಸಿ ನೋಡಿದರು, ಇದು ಏನು ಮಾಡುತ್ತೆ? ಗಾಡಿ ಎಲ್ಲಿದೆ ಅಂತ ಹೇಳುತ್ತೆ ಮೇಸ್ಟ್ರೇ. ಯಾರಿಗೆ? ಫೋನನ್ನು ಜೇಬಿಗೆ ತುರುಕಿದೆ. ಹಗ್ಗದಲ್ಲಿ ಬಟ್ಟೆ ಪಟಪಟ ಅನ್ನುತ್ತಿತ್ತು. ಕ್ಲೆಲಿಯಾಗಾ, ಅಂದರು, ಕೇಳಿದ್ದಲ್ಲ, ಹೇಳಿದ್ದು. ಸಿಟ್ಟು ಬರುತ್ತೆ ಅಂದುಕೊಂಡೆ, ಡಬ್ಬಿಯನ್ನು ಕಲ್ಲಿಗೆ ಬಡಿಯುತ್ತಾರೆ, ಇಲ್ಲವೇ ನನ್ನ ಮೇಲೆ ಹರಿಹಾಯುತ್ತಾರೆ, ಯಾವುದೂ ಆಗಲಿಲ್ಲ, ವೈರು ಎಳೆಯದ ಹಾಗೆ ಗಾಡಿಯ ಬಾಗಿಲ ಹೊಸ್ತಿಲ ಮೇಲೆ ಕೂತರು, ಪಕ್ಕದ ಜಾಗ ತಟ್ಟಿದರು, ಕೂತ್ಕೋ ಮಗಳೇ — ಲೊರೆತೊದ್ದು ಹೇಳಿದಳಾ ನಿನಗೆ? ಹೇಳಿದಳು. ಗುಡಿ ನೋಡೋಕೆ ಹೋಗಿರಲಿಲ್ಲ ನಾನು. ಬೇಕರಿಯಿಂದ ಹೊರಟೆ, ಯಾವತ್ತಿನ ರಸ್ತೆನೇ, ಇದ್ದಕ್ಕಿದ್ದ ಹಾಗೆ ಅದು ನನ್ನ ರಸ್ತೆ ಅಲ್ಲ, ಮರ ಅದೇ, ಮನೆ ಅದೇ, ಆದ್ರೆ ಯಾವುದು ಯಾವುದರ ಪಕ್ಕ ಅಂತ ಗೊತ್ತಾಗ್ತಿಲ್ಲ, ಒಂದು ಅಕಾರ್ಡಿಯನ್ ಪೆಟ್ಟಿಗೆಯ ನಾಲಿಗೆನೆಲ್ಲ ಕಿತ್ತು ಮೇಜಿನ ಮೇಲೆ ಚೆಲ್ಲಿದ ಹಾಗೆ. ಓಡಿಸ್ತಾ ಹೋದೆ, ದೂರದಲ್ಲಿ ಗುಡಿ ಗೋಪುರ ಕಾಣಿಸ್ತು, ಅದೊಂದು ಗೊತ್ತಾಯ್ತು, ಅದರ ಹತ್ರ ಹೋಗಿ ಗಾಡಿ ನಿಲ್ಲಿಸಿ ಅವಳಿಗೆ ಫೋನು ಮಾಡಿದೆ. ಅವಳು ಬರೋವರೆಗೂ ಒಳಗೇ ಕೂತಿದ್ದೆ, ಇಯೋಲೆ ಸೀಟಿನ ಹೊಲಿಗೆ ಎಣಿಸ್ತಾ.

ಆಮೇಲೆ ಆಗಿದೆಯಾ ಮೇಸ್ಟ್ರೇ? ಆಗುತ್ತೆ, ಒಂದೊಂದು ಸಲ, ಬಂದು ಹೋಗುತ್ತೆ. ಅದಕ್ಕೇ ಈ ಸದ್ದು ಅಂದ್ರೆ ನನಗೆ ಅಷ್ಟು ಹೆದರಿಕೆಯಾಗಿದ್ದು, ದಾರಿ ಹೋದರೆ ಹೋಯ್ತು, ಕಿವಿನೂ ಹೋಯ್ತಾ ಅಂತ. ಹಾಗಂದು ನಕ್ಕರು, ನಾನು ಹೇಳಿಬಿಟ್ಟೆ, ಹೇಳಬೇಕು ಅಂತ ಇರಲಿಲ್ಲ, ಬಾಯಿಗೆ ಬಂತು, ನನ್ನ ಕಿವಿ ಹೋಗಿದೆ ಮೇಸ್ಟ್ರೇ, ನನಗೆ ಇದು ಕೇಳಿಸುತ್ತಲೇ ಇಲ್ಲ, ಈಗಲೂ, ನಿಮ್ಮ ಕೈಯಲ್ಲಿ ಇದ್ದರೂ. ಡಬ್ಬಿಯನ್ನು ನನ್ನ ಕಿವಿಯ ಹತ್ತಿರ ತಂದರು, ಒಂದು ಕಿವಿ, ಆಮೇಲೆ ಇನ್ನೊಂದು, ನನ್ನ ಕಣ್ಣನ್ನೇ ನೋಡುತ್ತಾ, ಹಾಳಾದ ಪೆಟ್ಟಿಗೆಯನ್ನು ನೋಡುವ ಹಾಗೆ, ಸ್ವಲ್ಪವೂ ಕರುಣೆಯಿಲ್ಲದೆ, ಅದೇ ಹಿತವಾಗಿತ್ತು — ಹೂಂ, ಮೇಲಿನದು ಹೋಗಿದೆ, ಕೆಳಗಿನದು ಇದೆ, ನನ್ನ ಮಾತು ಕೇಳ್ತಿದೆಯಲ್ಲ? ಕೇಳ್ತಿದೆ. ಹಾಗಾದ್ರೆ ಡಾಕ್ಟರ ಹತ್ರ ಹೋಗು, ಮುಂದೆ ಹಾಕಬೇಡ, ಕಿವಿಗೆ ಏನೇನೋ ಯಂತ್ರ ಬಂದಿದೆಯಂತೆ ಈಗ. ಹೋಗ್ತೀನಿ. ಮತ್ತೆ ಇದನ್ನ — ಡಬ್ಬಿಯನ್ನು ನನ್ನ ಕೈಗೆ ಹಾಕಿದರು — ಇದನ್ನ ಎಲ್ಲಿತ್ತೋ ಅಲ್ಲೇ ಇಟ್ಟುಬಿಡು, ಬಾಯಿ ಮಾತ್ರ ಮುಚ್ಚಿಸು. ಇರಲಿ ಅಂತೀರಾ ಮೇಸ್ಟ್ರೇ? ಇರಲಿ, ಅವಳಿಗೆ ನಿದ್ದೆ ಬರಲಿ. ನನಗೆ ಗೊತ್ತು ಅಂತ ಅವಳಿಗೆ ಹೇಳಬೇಡ. ಸಿಪ್ಪೆಯನ್ನು ಕೈಯಿಂದ ಕೊಡವಿದರು. ಅಪ್ಪ ಮಗಳು ಇಬ್ಬರೂ ಹೇಳಬೇಡ ಅಂತಲೇ ನನ್ನ ಹತ್ತಿರ ಹೇಳಿದ್ದಾಯಿತು, ನಾನು ಇಬ್ಬರ ಮಧ್ಯದ ಫ್ಯೂಸು.

ಹಳೇ ಡಬ್ಬದಲ್ಲಿ ಹುಡುಕಿದೆ, ಸಿಕ್ಕಿತು, ಕಾಲು ಮೂರಿರುವ ಪುಟ್ಟ ಬಿಲ್ಲೆ, ಇದೂ ಹನ್ನೆರಡನ್ನು ಐದಕ್ಕೆ ಇಳಿಸುವುದೇ, ಹಿಂದಿನ ಕಾಲದ್ದು, ಸುರುಳಿಯೂ ಇಲ್ಲ, ನಡುಕವೂ ಇಲ್ಲ, ಹೆಚ್ಚಾದ ವೋಲ್ಟನ್ನೆಲ್ಲ ತಾನೇ ನುಂಗಿ ಸುಮ್ಮನೆ ಬಿಸಿಯಾಗುತ್ತದೆ, ಅಷ್ಟೆ, ಈಗ ಯಾರೂ ಬಳಸುವುದಿಲ್ಲ, ದಂಡ ಅಂತಾರೆ, ಡಬ್ಬಿ ತೆರೆದು ಸುರುಳಿ ಕಿತ್ತು ಅದರ ಜಾಗಕ್ಕೆ ಇದನ್ನು ಬೆಸುಗೆ ಹಾಕಿದೆ, ತಗಡಿನ ತುಂಡಿಗೆ ಕಚ್ಚಿಸಿ ಬಿಸಿ ಹೋಗುವ ಹಾಗೆ ಮಾಡಿದೆ, ನಡುವೆ ಫ್ಯೂಸು ಕೊಟ್ಟೆ, ಆ ಹೊಳೆಯುವ ಟೇಪನ್ನೆಲ್ಲ ಕಿತ್ತು ನನ್ನ ಬಟ್ಟೆ ಟೇಪು ಸುತ್ತಿದೆ, ಅರ್ಧದ ಮೇಲೆ ಅರ್ಧ, ಬ್ಯಾಟರಿ ಜೋಡಿಸಿದೆ, ಹಸಿರು ಚುಕ್ಕೆ ಮಿಟುಕಿತು, ರಟ್ಟು ಮುಚ್ಚಿ ಸೀಟು ಕೂರಿಸಿದೆ, ಈಗ ಹೇಳಿ ಮೇಸ್ಟ್ರೇ, ನಾನು ನಿಮ್ಮ ಮುಖ ನೋಡಿಯೇ ತಿಳಿಯಬೇಕು — ಅವರು ಕೂತರು, ಗಲ್ಲ ಎತ್ತಿದರು, ಬಹಳ ಹೊತ್ತು, ನಾನು ಅವರ ಹುಬ್ಬು ನೋಡುತ್ತಾ ನಿಂತೆ, ಇಲ್ಲ, ಅಂದರು, ಏನೂ ಇಲ್ಲ, ಎಷ್ಟು ಚೆನ್ನಾಗಿದೆ. ಕ್ಲೆಲಿಯಾಗೆ ಒಂದು ಮಾತು ಬರೆದು ಕಳಿಸಿದೆ, ಡಬ್ಬಿ ಇದೆ, ಸದ್ದು ಇಲ್ಲ, ಸಂಜೆ ಮನೆಗೆ ಬಾ, ಅಪ್ಪನ ಜೊತೆ ಊಟ ಮಾಡು, ಅಷ್ಟೆ, ಉಳಿದದ್ದು ಅವರವರು ಮಾತಾಡಿಕೊಳ್ಳಲಿ, ಒಳಗೆ ಹೋಗಿ ಸೌರೋಗೆ ಕಿವಿಯ ಡಾಕ್ಟರಿಗೆ ಫೋನು ಮಾಡಿ ದಿನ ಕೇಳು ಅಂದೆ, ಆಗಲೇ ಮಾಡಿದೀನಿ ಕಣೇ ಅಂದ, ತಲೆ ಎತ್ತದೆ, ಬೋಲ್ಟು ತಿರುಗಿಸುತ್ತಲೇ.

ಒಂದು ಸುತ್ತು ಹೋಗಿ ಬರೋಣ, ಬಾ, ಓಡುವಾಗಲೂ ನೋಡಬೇಕಲ್ಲ, ಅಂದರು ಮೇಸ್ಟ್ರು, ಹತ್ತಿದೆ, ಎಂಜಿನ್ ಎದ್ದಿತು, ಕೆಳಗಿನ ಸ್ವರ ಎಲ್ಲ ಇದೆ ನನಗೆ, ಹೊಟ್ಟೆಯಲ್ಲೂ ಕೇಳುತ್ತದೆ ಇದು, ಗುಡ್ಡ ಇಳಿದೆವು, ಎರಡೂ ಕಡೆ ಗೋಧಿ ಇನ್ನೂ ಹಸಿರು, ನಡುನಡುವೆ ಗಸಗಸೆ ಹೂವಿನ ಕೆಂಪು, ಆ ಕಡೆ ಕೊನೆರೊ ಬೆಟ್ಟದ ಬೆನ್ನು, ಅದರ ಪಕ್ಕ ಒಂದು ಗೆರೆ ಸಮುದ್ರ, ಎಷ್ಟು ಚೆನ್ನಾಗಿ ಓಡಿಸುತ್ತಾರೆ ಈಗಲೂ, ಗೇರು ಬೆಣ್ಣೆಯ ಹಾಗೆ, ತಿರುವಿಗೆ ಮೊದಲೇ ಕೈ ತಿರುಗಿರುತ್ತದೆ, ನಿನ್ನ ಬದಿಯ ಗಾಜು ಸರಿಯಾಗಿ ಮುಚ್ಚಿಲ್ಲ ನೋಡು, ಸಿಳ್ಳೆ ಹಾಕ್ತಿದೆ ಅಂದರು, ಮುಚ್ಚಿದೆ, ನನಗೆ ಏನೂ ಬದಲಾಗಲಿಲ್ಲ, ಈಗ ಸರಿ ಅಂದರು, ಹೊಳೆಯ ಸೇತುವೆ ದಾಟಿದೆವು, ಕವಲು ಬಂತು, ಎಡಕ್ಕೆ ನುಮಾನಾ, ಬಲಕ್ಕೆ ನಮ್ಮ ಊರಿಗೆ ಹತ್ತುವ ರಸ್ತೆ, ಲೆಕ್ಕವಿಲ್ಲದಷ್ಟು ಸಲ ತಿರುಗಿದ ಜಾಗ, ಗಾಡಿ ನಿಧಾನವಾಯಿತು, ಇನ್ನೂ ನಿಧಾನ, ನಿಂತಿತು, ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಅವರು ಬೋರ್ಡು ನೋಡುತ್ತಿದ್ದಾರೆ. ಓದುತ್ತಿದ್ದಾರೆ, ತುಟಿ ಅಲ್ಲಾಡುತ್ತಿದೆ, ಓದಿದ್ದು ಎಲ್ಲಿಗೂ ಹೋಗಿ ಸೇರುತ್ತಿಲ್ಲ. ಬಲಕ್ಕೆ ಅನ್ನಲೇ, ಅಂದರೆ ನೋಯುತ್ತಾರಾ, ಅನ್ನದಿದ್ದರೆ, ಮಾತಿನ ನಡುವೆ ಸಿಕ್ಕಿಸಿ ಹೇಳಿಬಿಡಲೇ, ಬಲಗಡೆಯ ಆ ತೋಟದಲ್ಲಿ ಈ ಸಲ ಚೆರ್ರಿ ಹೇಗೆ ಬಂದಿದೆ ನೋಡಿ ಮೇಸ್ಟ್ರೇ ಅಂತ, ಬಾಯಿ ತೆರೆದೆ, ಅಷ್ಟರಲ್ಲಿ ಅವರು ಎಂಜಿನ್ ಆಫ್ ಮಾಡಿದರು. ಒಂದು ಕ್ಷಣ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟರು, ಮೆಲ್ಲಗೆ ಒಂದು ಸಲ ಸವರಿದರು, ಬಾಗಿಲು ತೆಗೆದರು, ಬಾಗಿಲ ಚೌಕಟ್ಟು ಹಿಡಿದು ಎದ್ದರು, ಗಾಡಿಯ ಉದ್ದ ಮೂಗಿನ ಸುತ್ತ ನಡೆದು ಬರುತ್ತಿದ್ದಾರೆ, ಒಂದು ಕೈ ಬಾನೆಟ್ಟಿನ ಮೇಲೆ ಜಾರಿಸುತ್ತಾ, ಹಸಿರಿನ ಮೇಲೆ ಬಿಳಿ ಕೈ, ನನ್ನ ಕಿಟಕಿಯ ಹತ್ತಿರ ನಿಂತರು, ಬಗ್ಗಿದರು, ಗಾಜಿನಾಚೆ ಬಾಯಿ ಆಡುತ್ತಿದೆ, ಗಾಜು ನಾನೇ ಬಿಗಿಯಾಗಿ ಮುಚ್ಚಿದ್ದು, ಕೇಳಿಸುತ್ತಿಲ್ಲ, ಕೇಳಿಸಬೇಕಾಗಿಯೂ ಇಲ್ಲ, ಆ ಕಡೆ ಸರಿ, ನೀನು ಓಡಿಸು, ಇನ್ನು ಮೇಲೆ ನೀನು, ಇಲ್ಲವೇ ಕ್ಲೆಲಿಯಾ, ಯಾರಾದರೂ — ಅವರ ಮುಖದಲ್ಲಿ ನೋವಿಲ್ಲ, ಶ್ರುತಿ ಸೇರಿದ ಪೆಟ್ಟಿಗೆಯನ್ನು ಇನ್ನೊಬ್ಬರ ತೊಡೆಗೆ ದಾಟಿಸುವವರ ಮುಖ — ಸರಿಯಬೇಕು, ಗೇರಿನ ಮೇಲಿಂದ ಕಾಲು ದಾಟಿಸಿ ಆ ಸೀಟಿಗೆ ಹೋಗಬೇಕು, ಹೋಗುತ್ತೇನೆ, ಒಂದು ನಿಮಿಷ ಮೇಸ್ಟ್ರೇ, ಬಾಗಿಲು ಇನ್ನೂ ತೆರೆದೇ ಇದೆ, ಸೀಟು ಖಾಲಿ, ಕೀಲಿಗೊಂಚಲು ತೂಗುತ್ತಿದೆ, ಅವರ ಬೆರಳು ಬಿಟ್ಟ ರಭಸಕ್ಕೆ, ಹೋಗುತ್ತೇನೆ, ಆದರೆ ಕಣ್ಣು ಅಲ್ಲೇ, ಖಾಲಿ ಸೀಟು, ತೂಗುವ ಕೀಲಿ, ಸದ್ದಿದೆಯೋ ಇಲ್ಲವೋ ನನಗೆ ತಿಳಿಯದು, ಒಂದಕ್ಕೊಂದು ತಾಗುತ್ತಾ, ಇನ್ನೂ ತೂಗುತ್ತಿದೆ, ಸ್ವಲ್ಪ ಕಡಿಮೆ, ಇನ್ನೂ ತೂಗುತ್ತಿದೆ